ಹರಿಣಿಯ ಎಡಗಿವಿ

ಕೊರೋನಾದಿಂದ ಮುಚ್ಚಿದ್ದ ಶಾಲೆಗಳು ತೆರೆದು ಎರಡನೆಯ ವರ್ಷ ನಡೆಯುತ್ತಿತ್ತು. ನಾನಾಗ ಪೊಳ್ಳಾಚಿ ಹತ್ತಿರದ ಒಂದು ಖಾಸಗಿ ಬಿ.ಎಡ್. ಕಾಲೇಜಿನಲ್ಲಿ ಇಂಗ್ಲಿಷ್ ಬೋಧನಶಾಸ್ತ್ರದ ಸಹ ಪ್ರಾಧ್ಯಾಪಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಾಸನದಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಕೊಯಮತ್ತೂರಿಗೆ ಬಂದವಳು. ಆರ್.ಎಸ್. ಪುರಂನ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಬರುತ್ತಲೇ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಬೇಕೆಂದು ಬಂದ ನೂರಾರು ಮಂದಿಗೆ, ಪಾಠ ಮಾಡುವುದು ಹೇಗೆ ಎಂಬ ಪಾಠ ಮಾಡಿದ್ದೇನೆ. ಅವರಲ್ಲಿ ಹೆಚ್ಚಿನವರ ಮುಖ ಈಗ ನೆನಪಿಲ್ಲ. ಶರಣ್ಯಾಳ ಮುಖ ಮಾತ್ರ ಮರೆಯಲು ಆಗಿಲ್ಲ.

ಬಿ.ಎಡ್. ಎಂದರೆ ಎರಡು ವರ್ಷದ ಪದವಿ. ಎರಡನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ಒಂದು ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಆ ಶಾಲೆಯ ಇಂಗ್ಲಿಷ್ ಶಿಕ್ಷಕರೊಬ್ಬರು ಅವರಿಗೆ ಮಾರ್ಗದರ್ಶಿ. ಕಾಲೇಜಿನಿಂದ ನನ್ನಂಥವರು ಆಗಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ, ಅವರ ರೆಕಾರ್ಡ್ ಬುಕ್ಕಿನಲ್ಲಿ ಅಭಿಪ್ರಾಯ ಬರೆದು ಸಹಿ ಹಾಕುತ್ತೇವೆ. ಕೊನೆಗೆ ಹೊರಗಿನ ಪರೀಕ್ಷಕರು ಬಂದು ಪ್ರಾಯೋಗಿಕ ಪರೀಕ್ಷೆ ನಡೆಸುವಾಗ ಮೊದಲು ತೆರೆದು ನೋಡುವುದು ಆ ರೆಕಾರ್ಡನ್ನೇ. ಹಾಗಾಗಿ ನಾವು ಬರೆಯುವ ಎರಡು ಸಾಲಿಗೆ ಹುಡುಗರು ಪರೀಕ್ಷೆಗಿಂತ ಹೆಚ್ಚು ಹೆದರುತ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ತಪ್ಪೇನಿದೆ ಎಂದುಕೊಂಡಿದ್ದೆ.

ಶರಣ್ಯಾ ಆನೈಮಲೈಯವಳು. ಅವರದು ತಲೆಮಾರುಗಳಿಂದ ಅಲ್ಲೇ ನೆಲೆಸಿದ, ತೆಂಗು ಬೆಳೆಯುವ ಕನ್ನಡದ ಮನೆ. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಕನ್ನಡ ಅಕ್ಷರ ಓದಲು ಅವಳಿಗೂ ಬರುತ್ತಿರಲಿಲ್ಲ, ಅವಳ ಅಪ್ಪನಿಗೂ ಬರುತ್ತಿರಲಿಲ್ಲ. ನಾನು ಕನ್ನಡದವಳೆಂದು ತಿಳಿದ ದಿನದಿಂದ, ಕಾರಿಡಾರಿನಲ್ಲಿ ಯಾರೂ ಇಲ್ಲದಾಗ ಮಾತ್ರ ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ಅದೂ ತಮಿಳಿನ ರಾಗದಲ್ಲಿ. ಇಪ್ಪತ್ತಮೂರು ವರ್ಷ, ತೆಳ್ಳಗಿನ ಮೈ. ಇಂಗ್ಲಿಷ್ ಬಿ.ಎ.ಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ಬರವಣಿಗೆಯಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅವಳ ಕಷ್ಟವೆಲ್ಲ ದನಿಯದು. ಮೂರನೆಯ ಬೆಂಚು ದಾಟಿದರೆ ಅವಳ ಮಾತು ಯಾರಿಗೂ ಕೇಳುತ್ತಿರಲಿಲ್ಲ.

ಅವಳನ್ನು ಹಾಕಿದ್ದು ತಿರುಪ್ಪೂರು ಜಿಲ್ಲೆಯಲ್ಲಿ, ಉಡುಮಲೈಯಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಒಂದು ಸರ್ಕಾರಿ ಶಾಲೆಗೆ. ಎಂಟನೆಯ ತರಗತಿಯಲ್ಲಿ ನಲವತ್ತಾರು ಮಕ್ಕಳಿದ್ದರು. ಎರಡು ವರ್ಷ ಶಾಲೆಯ ಮುಖವನ್ನೇ ಸರಿಯಾಗಿ ನೋಡದೆ ಬಂದ ಮಕ್ಕಳು. ಕೂತಲ್ಲಿ ಕೂರುವ ಅಭ್ಯಾಸವೇ ತಪ್ಪಿಹೋಗಿತ್ತು. ಆರನೆಯ ವಾರದ ಗುರುವಾರ ನಾನು ಅವಳ ಪಾಠ ನೋಡಲು ಹೋದೆ. ಪಾಠದ ತಯಾರಿ ಚೆನ್ನಾಗಿತ್ತು. ಆದರೆ ಹತ್ತು ನಿಮಿಷದಲ್ಲಿ ತರಗತಿ ಸಂತೆಯಾಯಿತು. ಹಿಂದೆ ನನ್ನ ಪಕ್ಕದಲ್ಲಿದ್ದ ಹುಡುಗರಿಗೆ ಮುಂದೆ ಪಾಠ ನಡೆಯುತ್ತಿದೆ ಎಂಬುದೇ ಗೊತ್ತಿದ್ದಂತೆ ಕಾಣಲಿಲ್ಲ. ಅವಳು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಇದ್ದಳು. ಮಕ್ಕಳ ಕಡೆ ತಿರುಗಲು ಅವಳಿಗೆ ಧೈರ್ಯವಿರಲಿಲ್ಲ.

ಪಾಠ ಮುಗಿದ ಮೇಲೆ ಅವಳ ರೆಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆದೆ. ದನಿ ಕೇಳಿಸುವುದಿಲ್ಲ. ತರಗತಿಯ ಮೇಲೆ ಹಿಡಿತ ತೀರಾ ಕಡಿಮೆ. ಬಿಗಿಯಾಗಬೇಕು. ಇಲ್ಲದಿದ್ದರೆ ಅಂತಿಮ ಪರೀಕ್ಷೆಗೆ ತೊಂದರೆಯಾಗುತ್ತದೆ. 'ಬಿಗಿ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹೊರಗೆ ಬೇವಿನ ಮರದಡಿ ನಿಂತು, ನನ್ನ ಬಸ್ಸಿಗೆ ಹೊತ್ತಾಗುತ್ತಿದೆ ಎಂಬ ಅವಸರದಲ್ಲಿ ಅವಳಿಗೆ ಹೇಳಿದೆ:

"ನೋಡು ಶರಣ್ಯಾ, ಈಗ ನೀನು ಮಕ್ಕಳಿಗೆ ಹೆದರ್ತಿದೀಯ. ಅದು ತಿರುಗುಮುರುಗು ಆಗ್ಬೇಕು. ಅವರಿಗೆ ನಿನ್ನ ಭಯ ಇರ್ಬೇಕು."

ಅವಳು ತಲೆಯಾಡಿಸಿದಳು. ನಾನು ಬಸ್ಸು ಹತ್ತಿದೆ.

ಮರುದಿನ ಶುಕ್ರವಾರ ಏನಾಯಿತೆಂಬುದು ನನಗೆ ತಿಳಿದದ್ದು ಮಂಗಳವಾರ. ಅಂದು ಅವಳು ಶಾಲೆಗೆ ಹೋಗುವ ಬದಲು ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲ ಹತ್ತಿರ ನಿಂತು ಒಳಗೆ ಬರಲೇ ಎಂದೂ ಕೇಳಲಿಲ್ಲ. ನಾನು ಕರೆದಾಗ ಬಂದು, ಮೇಜಿನ ಅಂಚು ಹಿಡಿದುಕೊಂಡಳು.

"ಮೇಡಂ, ನಾ ಒಂದ್ ಪುಳ್ಳೆಗ ಹೊಡ್ದ್‌ಬುಟ್ಟೆ," ಎಂದಳು. ಪುಳ್ಳೆ ಎಂದರೆ ಅವರ ಮನೆಮಾತಿನಲ್ಲಿ ಮಗು. "ಕಿವಿ ಮ್ಯಾಲೆ ಬಿತ್ತು. ಇಪ್ಪೊ ಆ ಕಡೆ ಕೇಳ್ಸ್ತಿಲ್ಲ ಅದುಕ್ಕ."

ನಾನು ಕೇಳಿದ ಮೊದಲ ಮಾತನ್ನು ಇಲ್ಲಿ ಬರೆಯಲೇಬೇಕು. ಮಗು ಹೇಗಿದೆ ಎಂದು ನಾನು ಕೇಳಲಿಲ್ಲ. "ಯಾರಾದ್ರೂ ನೋಡಿದ್ರಾ?" ಎಂದು ಕೇಳಿದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಡೆದದ್ದನ್ನು ತುಂಡುತುಂಡಾಗಿ ಹೇಳಿದಳು. ಶುಕ್ರವಾರ ಮೂರನೆಯ ಪೀರಿಯಡ್. ಎಂದಿನಂತೆ ಗದ್ದಲ. ಎರಡನೆಯ ಬೆಂಚಿನ ಹರಿಣಿ ಎಂಬ ಹುಡುಗಿ ಹಿಂದೆ ತಿರುಗಿ ಗೆಳತಿಗೆ ಏನೋ ಹೇಳುತ್ತಿದ್ದಳು. ಗದ್ದಲ ಮಾಡುವವರಲ್ಲಿ ಅವಳು ದೊಡ್ಡವಳೇನಲ್ಲ, ಆದರೆ ಕೈಗೆಟುಕುವಷ್ಟು ಹತ್ತಿರ ಇದ್ದಳು. ಶರಣ್ಯಾ ಹೆಸರು ಕರೆದಳು, ಕೇಳಿಸಲಿಲ್ಲ. ಮತ್ತೊಮ್ಮೆ ಕರೆದಳು. ಹುಡುಗಿ ಇತ್ತ ತಿರುಗುವುದಕ್ಕೂ ಇವಳ ಕೈ ಬೀಸುವುದಕ್ಕೂ ಸರಿಹೋಯಿತು. ಬೀಸಿದ ಅಂಗೈ ಎಡಗಿವಿಯ ಮೇಲೆ ಬಿತ್ತು. ಹುಡುಗಿ ಅಳಲಿಲ್ಲ. ಕಿವಿಯ ಮೇಲೆ ಕೈ ಇಟ್ಟುಕೊಂಡು ಪುಸ್ತಕ ನೋಡುತ್ತ ಕೂತಳು. ತರಗತಿಯಲ್ಲಿ ಒಂದು ಉಸಿರಿನ ಸದ್ದೂ ಇರಲಿಲ್ಲ. ಉಳಿದ ಇಪ್ಪತ್ತು ನಿಮಿಷ ಶರಣ್ಯಾ ಪಾಠ ಮಾಡಿದಳು, ಕೊನೆಯ ಬೆಂಚಿನವರೆಗೆ ಪ್ರತಿ ಮಾತೂ ಕೇಳಿಸಿತು. ವರಾಂಡದಲ್ಲಿ ಹೋಗುತ್ತಿದ್ದ ಅವಳ ಮಾರ್ಗದರ್ಶಿ ಶಿಕ್ಷಕಿ ಕಿಟಕಿಯಲ್ಲಿ ಇಣುಕಿ, ಇವತ್ತು ತರಗತಿ ತರಗತಿಯ ಹಾಗಿದೆ ಎಂದು ಮೆಚ್ಚಿ ಹೋದರಂತೆ.

ಸೋಮವಾರ ಹರಿಣಿ ಶಾಲೆಗೆ ಬಂದಾಗ ಕಿವಿಯಲ್ಲಿ ಹತ್ತಿ ಇತ್ತು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಏನಾಯಿತು ಎಂದು ಶರಣ್ಯಾ ಕೇಳಿದ್ದಕ್ಕೆ, ಸ್ನಾನ ಮಾಡುವಾಗ ನೀರು ಹೋಯಿತು ಟೀಚರ್ ಎಂದಳಂತೆ. ಹತ್ತಿ ಹಳದಿಯಾಗಿ ಒದ್ದೆಯಾಗಿತ್ತಂತೆ.

ನನ್ನ ತಲೆಯಲ್ಲಿ ಒಂದರ ಹಿಂದೆ ಒಂದು ಸಾಲುಗಟ್ಟಿದವು. ಮಕ್ಕಳಿಗೆ ಹೊಡೆಯುವುದು ಕಾನೂನಿನ ಪ್ರಕಾರ ಅಪರಾಧ. ದೂರು ಹೋದರೆ ಪೊಲೀಸರು, ಪತ್ರಿಕೆಯವರು, ಶಿಕ್ಷಣ ಇಲಾಖೆ. ಈ ಹುಡುಗಿಯ ಪದವಿ ಇಲ್ಲಿಗೇ ಮುಗಿಯಬಹುದು. ಕಾಲೇಜಿನ ಹೆಸರು. ಅದೆಲ್ಲಕ್ಕಿಂತ ಕೆಳಗೆ, ನಾನು ಒಪ್ಪಿಕೊಳ್ಳಲು ಇಷ್ಟಪಡದ ಜಾಗದಲ್ಲಿ, ಗುರುವಾರ ನಾನೇ ಬರೆದ ನಾಲ್ಕು ವಾಕ್ಯಗಳು. ಯಾರಾದರೂ ಆ ಪುಟ ತೆರೆದು ನೋಡಿದರೆ ಶುಕ್ರವಾರದ ಏಟು ಎಲ್ಲಿಂದ ಹೊರಟಿತೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.

ಯಾರಿಗೂ ಹೇಳಬೇಡ, ನಾಳೆ ಬೆಳಿಗ್ಗೆ ನಾನೇ ಶಾಲೆಗೆ ಬರುತ್ತೇನೆ, ಅಲ್ಲಿಯವರೆಗೆ ಏನೂ ಆಗದವರ ಹಾಗೆ ಇರು ಎಂದು ಅವಳನ್ನು ಕಳಿಸಿದೆ. ಆ ಕ್ಷಣವೇ ಹೊರಟಿದ್ದರೆ ಮಗುವಿಗೆ ಒಂದು ದಿನ ಮುಂಚೆ ಚಿಕಿತ್ಸೆ ಸಿಗುತ್ತಿತ್ತು. ಹೊರಡಲಿಲ್ಲ. ಮಧ್ಯಾಹ್ನ ಎರಡು ಪೀರಿಯಡ್ ಪಾಠವನ್ನೂ ಮಾಡಿದೆ. ಏನು ಪಾಠ ಮಾಡಿದೆನೋ ನೆನಪಿಲ್ಲ. ಹೋಗುವಾಗ ಅವಳು ರೆಕಾರ್ಡ್ ಬುಕ್ಕನ್ನು ಮೇಜಿನ ಮೇಲೇ ಬಿಟ್ಟಿದ್ದಳು. ಸಂಜೆ ಹೊರಡುವ ಮುನ್ನ ಅದನ್ನು ತೆರೆದೆ. ನಾಲ್ಕು ವಾಕ್ಯಗಳಿದ್ದ ಹಾಳೆಯ ಮೂಲೆಯನ್ನು ಬೆರಳಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಫೀಸಿನ ಅಟೆಂಡರ್ ಬಂದು ಬೀಗ ಹಾಕಬೇಕು ಎಂದಾಗ ಮುಚ್ಚಿಟ್ಟೆ. ಹಾಳೆ ಹರಿಯಲಿಲ್ಲ ಎಂಬುದು ನಿಜ. ಆದರೆ ಹರಿಯದಿದ್ದದ್ದಕ್ಕೆ ನನ್ನ ಒಳ್ಳೆಯತನ ಕಾರಣವೋ ಅಟೆಂಡರ್ ಬಂದದ್ದು ಕಾರಣವೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಬುಧವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ನಾನು ಶಾಲೆ ತಲುಪಿದಾಗ ಶರಣ್ಯಾ ಗೇಟಿನ ಹತ್ತಿರವೇ ನಿಂತಿದ್ದಳು. "ಹರಿಣಿ ಬಂದಿಲ್ಲ ಮೇಡಂ," ಎಂದಳು. ಪಕ್ಕದ ಮನೆಯ ಹುಡುಗಿ ಸುದ್ದಿ ತಂದಿದ್ದಳು. ಅವಳಿಗೆ ಜ್ವರವಂತೆ, ಕಿವಿ ನೋವಿಗೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವಂತೆ. ಅಲ್ಲಿಯವರೆಗೆ ನನಗಿದ್ದದ್ದು ನನ್ನ ಬಗ್ಗೆ ಭಯ. ಆ ಗೇಟಿನ ಹತ್ತಿರ ಮೊದಲ ಸಲ ಮಗುವಿನ ಬಗ್ಗೆ ಭಯವಾಯಿತು. ಕಿವಿಯ ಸೋಂಕು ಒಳಗೆ ಏರಿದರೆ ಏನೇನಾಗಬಹುದು ಎಂದು ಎಲ್ಲೋ ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು.

ಮುಖ್ಯೋಪಾಧ್ಯಾಯಿನಿಗೆ ಹೇಳದೆ ಹೋಗುವಂತಿರಲಿಲ್ಲ. ಅವರು ಎಲ್ಲ ಕೇಳಿ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಬಂದರು. ಕೆಟ್ಟವರಲ್ಲ. ಆ ಶಾಲೆಯಲ್ಲಿ ನೀರು, ಶೌಚಾಲಯ ಎಲ್ಲ ಸರಿಯಾದದ್ದು ಅವರಿಂದಲೇ. ಆದರೆ ಅವರೂ ಹೆದರಿದ್ದರು. ಮೊದಲೇ ಕಿವಿ ಸೋರುತ್ತಿದ್ದ ಮಗು ಇರಬಹುದಲ್ಲವೇ ಎಂದು ಕೇಳಿದರು. ಆಮೇಲೆ ಶರಣ್ಯಾಳಿಗೆ, ನಾಳೆಯಿಂದ ಇಲ್ಲಿಗೆ ಬರಬೇಡ, ಉಳಿದ ದಿನಗಳಿಗೆ ಹಾಜರಿ ಹಾಕಿ ಸಹಿ ಮಾಡಿ ಕೊಡುತ್ತೇನೆ, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ ಎಂದರು.

ನಾನು ಬಾಯಿ ಬಿಡಲಿಲ್ಲ. ಆ ಮಾತಿನಲ್ಲಿ ನನಗೂ ಒಂದು ಬಾಗಿಲು ತೆರೆದಂತೆ ಕಂಡಿತ್ತು. ಶರಣ್ಯಾ ಮಾತ್ರ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮುಖ್ಯೋಪಾಧ್ಯಾಯಿನಿಗೆ ಅರ್ಥವಾಗದಂತೆ, ಮೆಲ್ಲಗೆ ಹೇಳಿದಳು: "ಆ ಪುಳ್ಳೆನ ನೋಡ್ದೆ ನಾ ಎಲ್ಲಿಗೂ ಹೋಗಲ್ಲ ಮೇಡಂ. ನಂಗ ರೊಂಬ ಭಯ ಆಯ್ತದೆ. ಆದ್ರೂ ಹೋಗಲ್ಲ."

ಮಗುವನ್ನು ನೋಡಿ ಬರುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿಗೆ ಹೇಳಿ ಇಬ್ಬರೂ ಹೊರಟೆವು. ಹರಿಣಿಯ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಒಂದೇ ಗೋಡೆ ಹಂಚಿಕೊಂಡ ಎಂಟು ಮನೆಗಳ ಸಾಲಿನಲ್ಲಿ ಕೊನೆಯದು. ತಾಯಿ ಸೆಲ್ವಿ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವವಳು. ಮಗಳಿಗೆ ಜ್ವರವೆಂದು ಅಂದು ರಜೆ ಹಾಕಿದ್ದಳು. ತಂದೆ ಲಾರಿ ಡ್ರೈವರ್, ಉತ್ತರದ ಕಡೆ ಲೋಡು ತೆಗೆದುಕೊಂಡು ಹೋಗಿದ್ದ. ಬಾಗಿಲಲ್ಲಿ ನಮ್ಮನ್ನು ಕಂಡು ಸೆಲ್ವಿಗೆ ಆದ ಸಂತೋಷ ನೋಡಿ ನನಗೆ ಅಲ್ಲಿಂದ ಹಾಗೇ ತಿರುಗಿ ಹೋಗಬೇಕೆನಿಸಿತು. ಒಂದು ದಿನ ಮಗು ಬರಲಿಲ್ಲವೆಂದು ಟೀಚರುಗಳು ಮನೆಗೆ ಬಂದಿದ್ದಾರೆ ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿದಳು. ಅಲ್ಲಿಂದಲೇ ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿದಳು. ನಾವು ಬೇಡವೆಂದರೂ ಕೇಳದೆ ಒಲೆಯ ಮೇಲೆ ಟೀಗೆ ಇಟ್ಟಳು. ಮನೆಯಲ್ಲಿ ಇವಳು ಬರೀ ಶರಣ್ಯಾ ಮಿಸ್ ಮಾತೇ ಆಡುತ್ತಾಳೆ, ನನಗೂ ಇಂಗ್ಲಿಷ್ ಹೇಳಿಕೊಡಲು ಬರುತ್ತಾಳೆ ಎಂದು ನಕ್ಕಳು. ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದೇನೆ, ಇನ್ನೆರಡು ದಿನದಲ್ಲಿ ಸರಿಹೋಗುತ್ತದೆ ಎಂದಳು.

ಹರಿಣಿ ಗೋಡೆಯ ಪಕ್ಕ ಚಾಪೆಯ ಮೇಲೆ ಮಲಗಿದ್ದಳು. ಶರಣ್ಯಾಳನ್ನು ಕಂಡದ್ದೇ ಎದ್ದು ಕೂತು ದಿಂಬನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಕಣ್ಣು ಶರಣ್ಯಾಳ ಮುಖದಿಂದ ಅಮ್ಮನ ಬೆನ್ನಿನ ಕಡೆ, ಅಮ್ಮನ ಬೆನ್ನಿನಿಂದ ಮತ್ತೆ ಶರಣ್ಯಾಳ ಕಡೆ ಓಡುತ್ತಿತ್ತು. ಹೇಳಬೇಡಿ ಎಂದು ಆ ಮಗು ಬೇಡಿಕೊಳ್ಳುತ್ತಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಶಾಲೆಯಲ್ಲಿ ಟೀಚರ್ ಹೊಡೆದರು ಎಂದರೆ, ನೀನೇನು ಮಾಡಿದೆ ಎಂದು ಕೇಳುವ ಮನೆ ಅದು. ನಮ್ಮಲ್ಲಿ ಹೆಚ್ಚಿನ ಮನೆಗಳು ಹಾಗೇ ಅಲ್ಲವೇ. ಹನ್ನೆರಡು, ಹದಿಮೂರು ವರ್ಷದ ಹುಡುಗಿ ಐದು ದಿನ ಆ ನೋವನ್ನು ಒಬ್ಬಳೇ ಹೊತ್ತಿದ್ದಳು.

ನಾನು ಮಾತು ಶುರು ಮಾಡಿದೆ. ಕಿವಿ ನೋವೆಂದು ಕೇಳಿ ಬಂದೆವು, ಒಮ್ಮೆ ಡಾಕ್ಟರಿಗೆ ತೋರಿಸಿದರೆ ಒಳ್ಳೆಯದು, ಎಣ್ಣೆ ಬಿಡಬಾರದು. ಎಲ್ಲವೂ ನಿಜವೇ, ಒಂದು ವಿಷಯ ಬಿಟ್ಟು. ನನ್ನ ತಮಿಳು ತಡವರಿಸುತ್ತಿತ್ತು. ಶರಣ್ಯಾ ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂತಳು.

"ನಾನು ಹೊಡೆದೆ ಅಕ್ಕಾ," ಎಂದಳು ತಮಿಳಿನಲ್ಲಿ. "ಶುಕ್ರವಾರ, ಕ್ಲಾಸಿನಲ್ಲಿ. ನೀರು ಹೋಗಿ ಆದದ್ದಲ್ಲ. ಹರಿಣಿ ಮೇಲೆ ಏನೂ ತಪ್ಪಿಲ್ಲ."

ಮೂರನೆಯ ಬೆಂಚು ದಾಟದ ಆ ದನಿ ಪಕ್ಕದ ಮನೆಗೂ ಕೇಳುವಷ್ಟು ಸ್ಪಷ್ಟವಾಗಿತ್ತು. ಸೆಲ್ವಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಒಲೆ ಆರಿಸಿದಳು. ಆಮೇಲೆ ಮಗಳ ಹತ್ತಿರ ಹೋಗಿ ನಿಜವಾ ಎಂದು ಕೇಳಿದಳು. ಹರಿಣಿ ದಿಂಬಿನಲ್ಲಿ ಮುಖ ಇಟ್ಟುಕೊಂಡು ತಲೆಯಾಡಿಸಿದಳು. ಇನ್ನು ಈ ಹೆಂಗಸು ಎದ್ದು ಬಂದು ಶರಣ್ಯಾಳ ಕೂದಲು ಹಿಡಿಯುತ್ತಾಳೆ, ಅಕ್ಕಪಕ್ಕದವರು ಸೇರುತ್ತಾರೆ ಎಂದು ನಾನು ಬಾಗಿಲಿಗೂ ನಮಗೂ ಎಷ್ಟು ದೂರವಿದೆ ಎಂದು ನೋಡಿದೆ. ಸೆಲ್ವಿ ಮಗಳ ಕಿವಿಯ ಹತ್ತಿ ತೆಗೆದು ನೋಡಿದಳು. ನಮ್ಮ ಕಡೆ ತಿರುಗಲಿಲ್ಲ.

"ಮೊದಲು ಆಸ್ಪತ್ರೆ," ಎಂದಳು. "ನಿಮ್ಮ ಹತ್ತಿರ ಮಾತು ಆಮೇಲೆ."

ಆಟೋದಲ್ಲಿ ಪೇಟೆಯ ಆಸ್ಪತ್ರೆಗೆ ಹೋದೆವು. ಕಿವಿಯ ಡಾಕ್ಟರು ವಯಸ್ಸಾದವರು. ಸಣ್ಣ ದೀಪದ ಕೊಳವೆಯಿಂದ ಕಿವಿಯೊಳಗೆ ನೋಡಿ, ಎಣ್ಣೆಯನ್ನೂ ಕೀವನ್ನೂ ಒರೆಸಿ ತೆಗೆದು, ಮತ್ತೆ ನೋಡಿದರು. ಹರಿಣಿ ಹಿಡಿದ ಅಮ್ಮನ ಸೀರೆಯನ್ನು ಬಿಡಲೇ ಇಲ್ಲ. ಕಿವಿಯ ತಮಟೆಯಲ್ಲಿ ತೂತಾಗಿದೆ ಎಂದರು ಡಾಕ್ಟರು. ತಮಟೆ ಎಂದರೆ ಕಿವಿಯ ಒಳಗಿನ ತೆಳುವಾದ ಪರದೆ. ಸದ್ದು ಅದಕ್ಕೆ ತಾಗಿದಾಗಲೇ ನಮಗೆ ಕೇಳುವುದು. ಹೇಗಾಯಿತು ಎಂದು ಅವರು ಪೆನ್ನು ಹಿಡಿದು ಕೇಳಿದರು.

ನಾವು ಮೂವರು ದೊಡ್ಡವರು ನಿಂತಿದ್ದೆವು. ಆ ಕಾಗದದಲ್ಲಿ ಏನು ಬರೆಯುತ್ತಾರೋ ಅದೇ ನಾಳೆ ಸಾಕ್ಷಿಯಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಸೆಲ್ವಿ ಶರಣ್ಯಾಳ ಕಡೆ ನೋಡಿದಳು. ನಾನು ನೆಲ ನೋಡಿದೆ. ಶರಣ್ಯಾ, ತಾನು ಅಂಗೈಯಿಂದ ಹೊಡೆದದ್ದೆಂದೂ, ತಾನು ಇವಳ ಟೀಚರೆಂದೂ ಹೇಳಿದಳು. ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ಒಮ್ಮೆ ನೋಡಿ, ಹೇಳಿದ್ದನ್ನು ಹೇಳಿದಂತೆ ಬರೆದರು. ಇಂಥ ತೂತು ಸಾಮಾನ್ಯವಾಗಿ ಎರಡು ತಿಂಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಇದು ಕೀವಾಗಿದೆ, ಹಾಗಾಗಿ ಖಚಿತ ಹೇಳಲಾರೆ ಎಂದರು. ಒಂದು ಹನಿ ನೀರೂ ಹೋಗಬಾರದು, ಎಣ್ಣೆ ಮುಟ್ಟಿಸಬಾರದು, ಎರಡು ವಾರಕ್ಕೊಮ್ಮೆ ತೋರಿಸಬೇಕು. ಮುಚ್ಚದಿದ್ದರೆ ಆಪರೇಷನ್.

ಆಸ್ಪತ್ರೆಯ ಹೊರಗೆ ಸೆಲ್ವಿ ನಮ್ಮೊಡನೆ ಮಾತಾಡಿದಳು. ದೂರು ಕೊಡುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ, ಗಂಡ ಬರಲಿ, ಕಿವಿ ಏನಾಗುತ್ತದೋ ನೋಡೋಣ ಎಂದಳು. ಎರಡು ವಾರಕ್ಕೊಮ್ಮೆ ರಜೆ ಕೇಳಿದರೆ ಕಂಪನಿಯಲ್ಲಿ ಕೆಲಸ ಹೋಗುತ್ತದೆ. ಹಾಗಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೊಡೆದವರದೇ ಜವಾಬ್ದಾರಿ. ಆದರೆ ಮಗಳು ಒಪ್ಪಬೇಕು. ಹರಿಣಿಯನ್ನು ಕೇಳಿದಾಗ ಅವಳು ಶರಣ್ಯಾಳ ಕಡೆ ನೋಡದೆ, ಬೇಡ ಎಂದಳು. ಶರಣ್ಯಾ ಅಂದು ಮೊದಲ ಸಲ ಅತ್ತಳು, ಮುಖ ಆ ಕಡೆ ತಿರುಗಿಸಿಕೊಂಡು. ನಾನು ಬರಲೇ ಎಂದು ಕೇಳಿದೆ. ಹರಿಣಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸರಿ ಎಂದಳು.

ಮರುದಿನ ಪ್ರಿನ್ಸಿಪಾಲರಿಗೆ ವರದಿ ಬರೆದುಕೊಟ್ಟೆ. ನಡೆದದ್ದೆಲ್ಲ ಬರೆದು, ಹಿಂದಿನ ಗುರುವಾರ ನಾನು ರೆಕಾರ್ಡಿನಲ್ಲಿ ಬರೆದದ್ದನ್ನೂ ಬೇವಿನ ಮರದಡಿ ಹೇಳಿದ್ದನ್ನೂ ಸೇರಿಸಿದೆ. ಅವರು ಓದಿ, ಕೊನೆಯ ಪ್ಯಾರಾ ಅನಗತ್ಯ, ತೆಗೆಯಿರಿ ಎಂದರು. ತೆಗೆಯುವುದಿಲ್ಲ ಎಂದೆ. ಕಾಲೇಜು ಶರಣ್ಯಾಳ ಇಂಟರ್ನ್‌ಶಿಪ್ಪನ್ನು ರದ್ದು ಮಾಡಿತು. ಮುಂದಿನ ವರ್ಷ ಮೊದಲಿನಿಂದ ಮಾಡಬೇಕು, ಅದೂ ದೂರು ಬರದಿದ್ದರೆ ಮಾತ್ರ. ನನಗೊಂದು ಮೆಮೊ ಬಂತು. ಆ ವರ್ಷದ ಮೇಲ್ವಿಚಾರಣೆಯ ಕೆಲಸದಿಂದ ನನ್ನನ್ನು ತೆಗೆದರು.

ಹತ್ತನೆಯ ದಿನ ಹರಿಣಿಯ ಅಪ್ಪ ಕಾಲೇಜಿಗೆ ಬಂದ. ಗೇಟಿನಲ್ಲಿ ಲಾರಿ ನಿಂತಿದೆ, ಒಬ್ಬರು ನಿಮ್ಮ ಹೆಸರು ಕೇಳುತ್ತಿದ್ದಾರೆ ಎಂದು ಅಟೆಂಡರ್ ಬಂದು ಹೇಳಿದಾಗ ನಾನು ಮೆಟ್ಟಿಲಿಳಿದು ಹೋದೆ. ಎತ್ತರದ ಮನುಷ್ಯ, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಆ ಟೀಚರ್ ಎಲ್ಲಿ ಎಂದು ಕೇಳಿದ. ಇಲ್ಲ, ಊರಿಗೆ ಹೋಗಿದ್ದಾಳೆ ಎಂದೆ. ವಯಸ್ಸೆಷ್ಟು ಎಂದ. ಇಪ್ಪತ್ತಮೂರು. ಅವನು ರಸ್ತೆಯ ಕಡೆ ನೋಡಿದ. "ನಾನೂ ಮಗಳಿಗೆ ಹೊಡೆದಿದ್ದೀನಿ," ಎಂದ, ಯಾರಿಗೆ ಹೇಳುತ್ತಿದ್ದಾನೋ ಎನ್ನುವ ಹಾಗೆ. "ಕಿವಿ ಮೇಲೆ ಬಿದ್ದಿರಲಿಲ್ಲ, ಅಷ್ಟೇ." ಲಾರಿ ಹತ್ತಿದ. ದೂರಿನ ಮಾತೆತ್ತಲಿಲ್ಲ. ಎತ್ತುವುದಿಲ್ಲ ಎಂದೂ ಹೇಳಲಿಲ್ಲ.

ಎರಡು ವಾರಕ್ಕೊಂದು ಬುಧವಾರ ನಾನು ರಜೆ ಹಾಕಿ ಆ ಹಳ್ಳಿಗೆ ಹೋಗುತ್ತಿದ್ದೆ. ಮೊದಲ ಸಲ ನೋಡಿದಾಗ ಕೀವು ಕಡಿಮೆಯಾಗಿತ್ತು, ತೂತು ಹಾಗೇ ಇತ್ತು. ನಾಲ್ಕನೆಯ ವಾರವೂ ಹಾಗೇ. ಡಾಕ್ಟರು ಕಿವಿಯೊಳಗೆ ನೋಡುವಷ್ಟು ಹೊತ್ತು ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಹರಿಣಿ ನನ್ನನ್ನು ಯಾವಾಗಲೂ ತನ್ನ ಬಲಕ್ಕೆ ಕೂರಿಸಿಕೊಳ್ಳುತ್ತಿದ್ದಳು. ನನ್ನ ತಮಿಳು ಕೇಳಿ ನಗುತ್ತಿದ್ದಳು, ತಿದ್ದುತ್ತಿದ್ದಳು. ಆರನೆಯ ವಾರ ಅವಳೇ ಕೇಳಿದಳು, ಶರಣ್ಯಾ ಮಿಸ್ ಇನ್ನು ಬರುವುದೇ ಇಲ್ಲವಾ ಎಂದು. ಬರಬೇಕಾ ಎಂದೆ.

"ಬಂದ್ರೆ ಭಯ ಆಗುತ್ತೆ," ಎಂದಳು. "ಬರದಿದ್ರೂ ಭಯ ಆಗುತ್ತೆ. ನನ್ನಿಂದ ಅವರ ಕೆಲಸ ಹೋಯ್ತು ಅಂತ ಎಲ್ಲರೂ ಹೇಳ್ತಾರೆ."

ನಿನ್ನಿಂದ ಏನೂ ಆಗಲಿಲ್ಲ ಎಂದು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಶಾಲೆಯಲ್ಲಿ ಈ ಮಾತು ಅವಳ ಕಿವಿಗೆ ಹಾಕಿದವರು ಯಾರು ಎಂದು ನಾನು ಹುಡುಕಲು ಹೋಗಲಿಲ್ಲ.

ಎಂಟನೆಯ ವಾರ ತೂತು ಮುಚ್ಚಿತ್ತು. ಡಾಕ್ಟರು ಎರಡು ಸಲ ನೋಡಿ ಖಚಿತಪಡಿಸಿದರು. ಆಮೇಲೆ ಕೊಯಮತ್ತೂರಿನಲ್ಲಿ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ ಮಾಡಿಸಿದೆವು. ಎಡಗಿವಿಯಲ್ಲಿ ತೆಳುವಾದ, ಎತ್ತರದ ಸದ್ದುಗಳು ಸ್ವಲ್ಪ ಕಡಿಮೆ ಕೇಳುತ್ತವೆ ಎಂದು ಬಂತು. ದಿನದ ಮಾತುಕತೆಗೆ ತೊಂದರೆ ಇಲ್ಲ, ಆದರೆ ಈ ಕೊರತೆ ಹಾಗೇ ಉಳಿಯಬಹುದು ಎಂದರು. ಆ ಕಾಗದವನ್ನು ಸೆಲ್ವಿಯ ಕೈಗೆ ಕೊಡುವಾಗ ಅವಳು ಅದನ್ನು ಓದಲಿಲ್ಲ, ನನ್ನ ಬಾಯಿಂದಲೇ ಕೇಳಿದಳು. ನಾನು ಏನನ್ನೂ ಬಿಡದೆ ಹೇಳಿದೆ.

ಅವಳು ದೂರು ಕೊಡಲಿಲ್ಲ. ಅದನ್ನು ಹೇಳಲು ತಾನೇ ಶಾಲೆಗೆ ಬಂದಳು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನಾನೂ ಇದ್ದೆ, ಇನ್ನಿಬ್ಬರು ಶಿಕ್ಷಕರಿದ್ದರು. ಎಲ್ಲರ ಮುಖದಲ್ಲಿ ಬಿಡುಗಡೆ ಕಾಣುತ್ತಿತ್ತು. ಸೆಲ್ವಿ ಹೊರಡಲು ಎದ್ದವಳು ನಿಂತು ಹೇಳಿದಳು:

"ಆ ಮಿಸ್ ಹೊಡೆದದ್ದು ಒಂದು ಸಲ. ಅದು ಆಗಿಹೋಯ್ತು. ಐದು ದಿನ ನನ್ನ ಮಗಳು ನಿಮಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನಗೆ ಈಗಲೂ ಹೆದರಿಕೆ ಆಗೋದು ಅದಕ್ಕೆ."

ಅಷ್ಟು ಹೇಳಿ ಹೊರಟುಹೋದಳು.

ಬೇಸಿಗೆ ರಜೆಯಲ್ಲಿ ಶರಣ್ಯಾ ಆನೈಮಲೈಯಿಂದ ಒಬ್ಬಳೇ ಆ ಮನೆಗೆ ಹೋದಳು. ಹೋಗುವ ಮುನ್ನ ಸೆಲ್ವಿಯನ್ನು ಕೇಳಿಕೊಂಡು ಒಪ್ಪಿಗೆ ಪಡೆದಿದ್ದಳು. ಅವಳು ಕ್ಷಮೆ ಕೇಳಿದ್ದು ತಾಯಿಯನ್ನಲ್ಲ, ಮಗುವನ್ನು. ಹರಿಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿಸಿಕೊಂಡಳಂತೆ. ಪರವಾಗಿಲ್ಲ ಎಂದು ಹೇಳಲಿಲ್ಲವಂತೆ. ಕೊನೆಗೆ, ನೀವು ಪಾಸಾದಿರಾ ಮಿಸ್ ಎಂದು ಕೇಳಿದಳಂತೆ. ಇಲ್ಲ, ಮತ್ತೆ ಮೊದಲಿಂದ ಮಾಡಬೇಕು ಎಂದು ಇವಳು ಹೇಳಿದ ಮೇಲೆ, ಒಳಗೆ ಹೋಗಿ ನೀರು ತಂದುಕೊಟ್ಟಳಂತೆ. ಇದನ್ನು ಶರಣ್ಯಾ ನನಗೆ ಫೋನಿನಲ್ಲಿ ಹೇಳಿದಳು. ಮುಂದಿನ ವರ್ಷ ಮೆಟ್ಟುಪಾಳ್ಯಂ ಹತ್ತಿರದ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಮುಗಿಸಿದಳು, ಸಾಧಾರಣ ಅಂಕಗಳಲ್ಲಿ ಪದವಿ ಪಡೆದಳು. ಈಗ ಅದೇ ಕಡೆ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಳೆ.

ನನಗೆ ಸೇವೆಯಲ್ಲಿ ಉಳಿದದ್ದು ಒಂದೇ ವರ್ಷ. ಇಂಟರ್ನ್‌ಶಿಪ್ಪಿಗೆ ಹೊರಡುವವರಿಗೆ ನಾವು ಒಂದು ವಾರ ತರಬೇತಿ ಕೊಡುತ್ತಿದ್ದೆವು. ಲೆಸನ್ ಪ್ಲಾನ್ ಬರೆಯುವುದು, ಬೋರ್ಡ್ ಬಳಸುವುದು, ಪ್ರಶ್ನೆ ಕೇಳುವುದು, ಎಲ್ಲವೂ ಅದರಲ್ಲಿ ಇತ್ತು. ತಪ್ಪು ಮಾಡಿದ ದಿನ ಏನು ಮಾಡಬೇಕು ಎಂಬುದು ಮಾತ್ರ ಇರಲಿಲ್ಲ. ಆ ವರ್ಷ ಕೊನೆಯ ದಿನ ಅರ್ಧ ಗಂಟೆ ಕೇಳಿ ಪಡೆದು ಹರಿಣಿಯ ಕಥೆಯನ್ನು ಹೆಸರು ಬದಲಿಸಿ ಹೇಳಿದೆ, ನನ್ನ ಪಾಲನ್ನೂ ಬಿಡದೆ. ಹೆದರಿದ ಮನುಷ್ಯ ತನಗಿಂತ ಚಿಕ್ಕವರನ್ನು ಹೆದರಿಸುತ್ತಾನೆ, ಇದು ಕಾಲೇಜಿನಿಂದ ತರಗತಿಯವರೆಗೆ, ತರಗತಿಯಿಂದ ಮನೆಯವರೆಗೆ ಇಳಿದು ಹೋಗುತ್ತದೆ, ಎಲ್ಲಾದರೂ ಒಬ್ಬರು ಅದನ್ನು ತಡೆದು ನಿಲ್ಲಿಸಬೇಕು ಎಂದೆ. ಏನಾದರೂ ಕೆಟ್ಟದ್ದಾದರೆ ಅದೇ ದಿನ ನನ್ನ ಹತ್ತಿರ ಬನ್ನಿ ಎಂದೆ.

ಆ ವರ್ಷ ಇಬ್ಬರು ಬಂದರು. ಎರಡು ಸಲವೂ ಬಾಗಿಲಲ್ಲಿ ಅವರ ಮುಖ ಕಂಡಾಗ ಅದೇ ಭಯ ಎದ್ದಿತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದು ಇಳಿಯಲಿ ಎಂದು ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಕೇಳಿದೆ, ಮಗು ಈಗ ಎಲ್ಲಿದೆ ಎಂದು.